ಹಿಮ್ಮಡಿಯ ಗೆರೆ

ಹೆಣ ಕಾಯೋಕೇ ಹುಟ್ಟಿದ್ದೀಯ ಕಣ್ಲಾ ನೀನು — ಕನಕಪುರದ ಕೋರ್ಟಿನ ಮುಂದಿನ ಹೊಂಗೆಮರದಡಿ, ಎರಡೂ ಕಡೆಯ ಲಾಯರುಗಳ ಎದುರಿಗೆ, ಉಯ್ಯಂಬಳ್ಳಿ ಕಡೆಯಿಂದ ಬಂದ ನಂಟರಿಷ್ಟರ ಎದುರಿಗೆ, ದೊಡ್ಡಪ್ಪ ಬೋರಲಿಂಗಯ್ಯ ಅಂದೇಬಿಟ್ಟ, ಎಲ್ಲರೂ ನಕ್ಕರು, ಯಾರಿಗೋ ಕಡ್ಲೆಪುರಿ ನೆತ್ತಿಗೇರಿತು, ತಮ್ಮನ ಮಗ ಸ್ವಾಮಿಯ ಕೈಯಲ್ಲಿ ರಾಜಿ ಪತ್ರ, ಪೆನ್ನು, ಸಹಿ ಇನ್ನೂ ಹಾಕಿಲ್ಲ, ಕಣ್ಣು ಮಾತ್ರ ಕಟ್ಟೆಯಿಂದ ಇಳಿಬಿದ್ದ ದೊಡ್ಡಪ್ಪನ ಕಾಲಿನ ಮೇಲೆ, ಚಪ್ಪಲಿ ಕಳಚಿದ ಕಾಲು, ಬಿರುಕು ಬಿಟ್ಟ ಹಿಮ್ಮಡಿ. ರೋಡ್ ಕಡೆ ಪಾಲು ಬ್ಯಾಡ್ವಂತೆ, ಬೋರ್‌ವೆಲ್ ಬ್ಯಾಡ್ವಂತೆ, ಅವ್ರಪ್ಪನ ಸಮಾಧಿ ಬೇಕಂತೆ ಕಣ್ರಪ್ಪಾ, ಒಂಬತ್ತ್ನೇ ಕ್ಲಾಸೂ ಮುಗಿಸ್ದಿರೋನ್ಗೆ ಇನ್ನೇನ್ ಬುದ್ಧಿ ಇದ್ದಾತು — ಮುಗಿಸೋದಾ, ಸ್ವಾಮಿ ಮನಸ್ಸಲ್ಲೇ ಕೇಳಿದ, ಪುಸ್ತಕದ ಚೀಲ ಹೆಗಲಲ್ಲಿದ್ದ ಹಾಗೇ ಕರೆದು ಕೈಗೆ ಹಿಡಿ ಮಣ್ಣು ಕೊಟ್ಟಿರಲ್ಲ, ಅಪ್ಪನ ಮೇಲೆ ಹಾಕು ಅಂತ, ಮಾರನೇ ದಿನದಿಂದ ದನ ಯಾರು ಮೇಯಿಸಬೇಕಿತ್ತು, ನಿಮ್ಮ ಮಗನಾ?

ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಬೇಕು, ತಾತನ ಕಾಲದಿಂದ ಹಾಗೇ, ವರ್ಷಗಟ್ಟಲೆ ಕೇಸು ಎಳೆದಾಡಿ ಸುಸ್ತಾದ ಲಾಯರುಗಳೂ ಅದಕ್ಕೇ ತಲೆಯಾಡಿಸಿದರು, ನಾನ್ ಪಾಲ್ ಮಾಡಿವ್ನಿ, ತಮ್ಮನ ಮಗ ಅವ್ನೇ ಆರಿಸ್ಕಳ್ಳಿ, ಇದ್ಕಿಂತ ನ್ಯಾಯ ಎಲ್ಲೈತೆ, ರೋಡಿನ ಪಾಲು ಒಂದು, ಬಂಡೆ ಪಾಲು ಒಂದು, ಬಂಡೆ ಪಾಲಿನ ಮೂಲೆಯಲ್ಲಿ ಅಪ್ಪ. ಬಂಡೆ ಪಾಲು ನಂಗ್ ಬಂದ್ರೆ ಜೆಸಿಬಿ ಬುಟ್ಟು ಒಂದೇ ಸಮ ಮಾಡುಸ್ತೀನಿ — ನಿನ್ನೆ ದೊಡ್ಡಪ್ಪ ಮನೆ ಬಾಗಿಲಲ್ಲಿ ನಿಂತು ಹೇಳಿ ಹೋದ, ಅವ್ವ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕೆ ಸರಿಸಿ, ರೋಡು ಹಾಳಾಗೋಗ್ಲಿ ಮಗ, ನಿಮ್ಮಪ್ಪನ್ ಮೇಲೆ ಜೆಸಿಬಿ ಹತ್ತುಸ್ಬ್ಯಾಡ ಅಂದಳು, ಮುದ್ದೆ ಹಾಗೇ ಒಣಗಿತು. ಆ ಹಿಮ್ಮಡಿ, ಎಲ್ಲಿ ನೋಡಿದ್ದೆ, ಹೌದು, ಅವತ್ತು, ಅಪ್ಪನನ್ನು ಮಣ್ಣು ಮಾಡಿದ ದಿನ, ಗುಂಡಿ ತೋಡುವವರು ಎಲ್ಲಿ ಅಂತ ಕೇಳಿದರು, ತಾತ ಮುತ್ತಾತ ಎಲ್ಲರೂ ಮಲಗಿರುವುದು ರೋಡಿನ ಪಕ್ಕದ ಮಾವಿನ ಮರದ ಕೆಳಗೆ, ಅಲ್ಲಿ ಬ್ಯಾಡ ಕಣ್ಲಾ, ಇಲ್ಲಿ ತಂಪಾಗಿರ್ತಾನೆ ನನ್ ತಮ್ಮ, ಅಂತ ದೊಡ್ಡಪ್ಪ ಚಪ್ಪಲಿ ಕಳಚಿ, ಬಂಡೆ ಪಕ್ಕದ ಒದ್ದೆ ಮಣ್ಣಲ್ಲಿ ಹಿಮ್ಮಡಿಯೂರಿ ಗೆರೆ ಎಳೆದ. ಆ ಕಾಲನ್ನೇ ತಬ್ಬಿಕೊಂಡು ಅತ್ತಿದ್ದೆನಲ್ಲ, ಥೂ. ಗುಂಡಿಗೆ ಎಳೆದ ಗೆರೆಯಲ್ಲ ಅದು, ಪಾಲಿಗೆ, ತಮ್ಮನ ಮೈ ತಣ್ಣಗಾಗುವ ಮೊದಲೇ ಪಾಲು ಮಾಡಿ ಮುಗಿಸಿದ್ದ, ಆರಿಸುವುದೊಂದು ಬಾಕಿ ಇತ್ತು, ನಾನು ಏನು ಆರಿಸುತ್ತೇನೆ ಅಂತಲೂ ಗೊತ್ತಿತ್ತು.

ಈಗ ತಿಳಿದು ಏನಾಯಿತು, ಹರಿದು ಮುಖದ ಮೇಲೆ ಎಸೆಯಲೇ, ರೋಡಿನ ಪಾಲೇ ಬೇಕು ಅನ್ನಲೇ, ಅಂದರೆ ಜೆಸಿಬಿ, ಅವ್ವನ ತಟ್ಟೆ — ಸಹಿ ಹಾಕಿದ, ಕಾಗದ ತೂತಾಯಿತು. ಎಲ್ಲಿಗ್ಲಾ ಬುದ್ಧಿವಂತ, ಒಸಿ ಟೀ ಕುಡ್ಕೊಂಡೋಗು, ದೊಡ್ಡಪ್ಪನ್ ಮೇಲೆ ಕ್ವಾಪವಾ — ಮತ್ತೆ ನಗು, ಸ್ವಾಮಿ ತಿರುಗಲಿಲ್ಲ, ಗೇಟು, ಎಳನೀರಿನ ಗಾಡಿ, ಹಾರೋಹಳ್ಳಿ ಬಸ್ಸಿನ ಧೂಳು, ನಡೆಯುತ್ತಿದ್ದಾನೆ, ಕಣ್ಣೆದುರು ಮಾತ್ರ ಅದೇ ಒದ್ದೆ ಮಣ್ಣು, ಕಳಚಿಟ್ಟ ಚಪ್ಪಲಿ, ಹಿಮ್ಮಡಿ, ಬಿರುಕಿನ ತುಂಬ ಕೆಮ್ಮಣ್ಣು, ಮೆಲ್ಲಗೆ ಗೆರೆ ಎಳೆಯುತ್ತಿರುವ ಹಿಮ್ಮಡಿ, ಹಿಮ್ಮಡಿ