ನೋಡದ ಕಡಲಿನ ವರದಿ

ಸೊಸೆ ಮಹಾನಗರಕ್ಕೆ ದಿನವೂ ರೈಲಿನಲ್ಲಿ ಹೋಗಿಬರಲು ಶುರುಮಾಡಿ ಹತ್ತೊಂಬತ್ತು ವರ್ಷ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಅಷ್ಟಾದರೂ ಆ ನಗರದಲ್ಲಿ ಅವಳು ಕಂಡದ್ದು ಸ್ಟೇಷನ್ನು, ಅದರ ಹಿಂದಿನ ಗಲ್ಲಿ, ಗಲ್ಲಿಯ ತುದಿಯಲ್ಲಿ ತಾನು ಪುಸ್ತಕ ಹೊಲಿಯುವ ಬೈಂಡಿಂಗ್ ಅಂಗಡಿ, ಇಷ್ಟೇ. ಸಂಜೆಯ ರೈಲು ತಪ್ಪಿದರೆ ಮುಂದಿನದು ಒಂದು ಗಂಟೆ ತಡ. ತಡವಾಗಿ ಹೋಗಿ ಅತ್ತೆಯ ಬಾಯಿಗೆ ಬೀಳುವುದಕ್ಕಿಂತ ಓಡಿ ರೈಲು ಹಿಡಿಯುವುದೇ ವಾಸಿ.

ಕೆಲಸಕ್ಕೆ ಸೇರಿದ ವಾರವೇ ಅತ್ತೆ ಕೇಳಿದ್ದರು: "ಅಲ್ಲಿ ಸಮುದ್ರ ಇದೆಯಂತಲ್ಲ, ನೋಡಿದ್ಯಾ?"

ಇಲ್ಲವೆಂದರೆ ಪೆದ್ದು ಎಂದುಕೊಂಡಾರು ಎಂದು ಸೊಸೆ, "ಓ, ದಿನಾ ನೋಡ್ತೀನಲ್ಲ!" ಎಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಪ್ರತಿ ರಾತ್ರಿ ಊಟದ ಹೊತ್ತಿಗೆ ವರದಿ ಒಪ್ಪಿಸಬೇಕಾಯಿತು. "ಇವತ್ತು ನೀರು ಸ್ವಲ್ಪ ಹಸಿರು, ಅತ್ತೆ." "ಇವತ್ತು ಮೂರು ಹಡಗು." ಭಾನುವಾರ ಮಾತ್ರ ಸಮುದ್ರಕ್ಕೆ ರಜೆ.

ಒಂದು ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಇವತ್ತು ನಾಲ್ಕಕ್ಕೇ ಬಿಡ್ತಾರೆ ಅಂದ್ಯಲ್ಲ? ನಾನೂ ಬರ್ತೀನಿ. ನಿನ್ನ ಸಮುದ್ರ ತೋರಿಸು."

ಇಂದು ಸಿಕ್ಕಿಬಿದ್ದರೆ ಈ ಮನೆಯಲ್ಲಿ ಇನ್ನು ತನ್ನ ಯಾವ ಮಾತನ್ನು ತಾನೇ ನಂಬುತ್ತಾರೆ?

ನಾಲ್ಕಕ್ಕೆ ಅಂಗಡಿಯಿಂದ ಹೊರಬಿದ್ದವಳೇ, ದಿನವೆಲ್ಲ ಅಲ್ಲೇ ಮೂಲೆಯಲ್ಲಿ ಕಾದು ಕೂತಿದ್ದ ಅತ್ತೆಯ ಕೈಹಿಡಿದು ಧೈರ್ಯವಾಗಿ ಎಡಕ್ಕೆ ತಿರುಗಿದಳು. ಗೋಡೆ ಬಂತು. ಬಲಕ್ಕೆ ತಿರುಗಿದಳು. ಸ್ಟೇಷನ್ನು ಬಂತು. "ರಸ್ತೆ ಅಗೆದಿದ್ದಾರೆ ಅತ್ತೆ, ಸುತ್ತಿಕೊಂಡು ಹೋಗ್ಬೇಕು" ಎಂದಳು. ಮೂರನೆಯ ಸಲವೂ ಅದೇ ಸ್ಟೇಷನ್ನು ಬಂದಾಗ ಅತ್ತೆಯೇ ಹೋಗಿ ಟ್ರಾಫಿಕ್ ಪೊಲೀಸನನ್ನು ವಿಚಾರಿಸಿ ಬಂದರು.

"ಹನ್ನೆರಡೇ ನಿಮಿಷದ ದಾರಿಯಂತೆ. ನನ್ನ ಹಿಂದೆ ಬಾ."

ಕಟ್ಟಡಗಳು ಮುಗಿದವು, ಎದುರಿಗೆ ಸಮುದ್ರ. ಸೊಸೆ ತೆರೆದ ಬಾಯಿ ಮುಚ್ಚಲು ಮರೆತಳು. ಇಷ್ಟು ದೊಡ್ಡದೆಂದು ಅವಳು ಸುಳ್ಳಿಗೂ ಒಂದು ದಿನ ಹೇಳಿರಲಿಲ್ಲ. ನೀರಿಗಿಳಿದಳು, ಅಲೆ ಬಂದದ್ದೇ ಕಿಟಾರನೆ ಕಿರುಚಿ ಓಡಿಬಂದಳು, ಮತ್ತೆ ಇಳಿದಳು. ಗುಟ್ಟು ರಟ್ಟಾಗಲು ಇನ್ನೇನು ಬೇಕು?

ತಿರುಗಿ ನೋಡಿದರೆ ಅತ್ತೆ ಸಮುದ್ರ ಬಿಟ್ಟು ಅವಳನ್ನೇ ನೋಡುತ್ತಿದ್ದರು.

"ಹತ್ತೊಂಬತ್ತು ವರ್ಷದಲ್ಲಿ ಹನ್ನೆರಡು ನಿಮಿಷ ಸಿಗ್ಲಿಲ್ವೇನೇ ನಿಂಗೆ?"

"ರೈಲು ತಪ್ಪುತ್ತಲ್ಲ, ಅತ್ತೆ. ತಡ ಆದ್ರೆ ನೀವು..." ನಾಚಿಕೆಯಿಂದ ಮುಖ ಸುಡುತ್ತಿತ್ತು.

ಅತ್ತೆ ಮರಳಿನ ಮೇಲೆ ಕೂತುಬಿಟ್ಟರು. ಸೊಸೆ, "ಹೊತ್ತಾಯ್ತು, ಹೊರಡೋಣ" ಎಂದು ಚಪ್ಪಲಿ ಹುಡುಕತೊಡಗಿದಳು. ಅತ್ತೆ ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಹೋಗ್ಲಿ ಬಿಡೇ ಆ ರೈಲು. ತಡವಾಯ್ತು ಅಂತ ಬೈಯೋಳು ಇಲ್ಲೇ ಕೂತಿದ್ದಾಳೆ."