ಸುಗುಣಳ ಪಥ್ಯ

ತೂಕದ ಯಂತ್ರದ ಮೇಲೆ ಸುಗುಣ ಕಲ್ಲುಗಂಬದ ಹಾಗೆ ನಿಂತಿದ್ದಳು. ಮೂರು ತಿಂಗಳ ಹಿಂದೆ ಈ ಎಂಟು ವರ್ಷದ ಹುಡುಗಿ ಅದರ ಮೇಲೆ ಕುಣಿದ ಕುಣಿತಕ್ಕೆ ಮುಳ್ಳು ಒಂದು ಕಡೆ ನಿಂತಿರಲಿಲ್ಲ.

"ನೋಡಿದ್ರಾ ರುದ್ರಮ್ಮ? ಫಸ್ಟ್ ಕ್ಲಾಸ್ ಇಂಪ್ರೂವ್‌ಮೆಂಟ್!" ಎಂದರು ಡಾಕ್ಟರ್ ಜಯದೇವಪ್ಪ, ಹುಡುಗಿಯ ತಾಯಿಯ ಕಡೆ ತಿರುಗಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕ್ಲಿನಿಕ್ ಇಟ್ಟಿದ್ದ ಅವರು ಲಂಡನ್ನಿನಲ್ಲಿ ಆರು ತಿಂಗಳು ಇದ್ದು ಬಂದವರು. ಆ ಆರು ತಿಂಗಳಿಗೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ಕ್ಲಾಸಿನಲ್ಲಿ ಒಂದು ಗಳಿಗೆ ಕೂರುವುದಿಲ್ಲ, ಬರೆಯಲು ಕೊಟ್ಟರೆ ಕಿಟಕಿ ಹತ್ತುತ್ತಾಳೆ ಎಂದು ಇಲ್ಲಿಗೆ ಕಳಿಸಿದವರು ಸ್ಕೂಲಿನ ಹೆಡ್ ಮಿಸ್. ಮಕ್ಕಳ ತಲೆ ಕೆಡುವುದು ಹೊಟ್ಟೆಯಿಂದ ಎಂದ ಡಾಕ್ಟರು ಟೈಪ್ ಮಾಡಿಸಿದ ಪಟ್ಟಿಯೊಂದನ್ನು ಕೊಟ್ಟಿದ್ದರು. ಸಕ್ಕರೆ, ಬೆಲ್ಲ, ಹಾಲು, ಹುಣಸೆ, ಟೊಮೆಟೊ, ಕಡಲೆಕಾಯಿ, ಬಣ್ಣದ ತಿಂಡಿ ಯಾವುದೂ ಕೂಡದು. ಹುಣಸೆ ಟೊಮೆಟೊ ಎರಡೂ ಇಲ್ಲದೆ ಸಾರು ಮಾಡುವುದು ಹೇಗೆ, ಸಾರಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುವುದು ಹೇಗೆ ಎಂದು ಆ ಮಹಾನುಭಾವ ಒಂದು ದಿನವೂ ಯೋಚಿಸಿರಲಾರ. ಒಲೆ ಮುಂದೆ ಕೂತವನಾದರೆ ತಾನೆ!

ಆದರೂ ರುದ್ರಮ್ಮ ಆ ಪಟ್ಟಿಯನ್ನು ಬನಶಂಕರಿಯ ವಠಾರದವರಿಗೆಲ್ಲ ತೋರಿಸಿ ಮೆರೆದಿದ್ದಳು. ಪಕ್ಕದ ಮನೆಯ ಗೋವಿಂದಮ್ಮ ಮಗುವಿನ ಕೈಗೆ ಮಿಠಾಯಿ ಕೊಟ್ಟಾಗ, ತಾನೇ ಅವಳ ಬಾಯಿಗೆ ಬೆರಳು ಹಾಕಿ ಕಿತ್ತು ತೆಗೆದಿದ್ದಳು. ಈಗ ಅದನ್ನು ನೆನೆದಾಗ ಡಾಕ್ಟರ ಮೇಲಿಗಿಂತ ತನ್ನ ಮೇಲೆಯೇ ಅವಳಿಗೆ ಹೆಚ್ಚು ಅಸಹ್ಯವಾಯಿತು.

"ಸಾರ್, ತೂಕ ಎಷ್ಟೈತೆ?"

"ಹದಿನೇಳೂವರೆ."

"ಬಂದಾಗ ಇಪ್ಪತ್ತೊಂದಿತ್ತು."

"ತೂಕ ಬಿಡಿ, ಬಿಹೇವಿಯರ್ ನೋಡಿ. ಎಷ್ಟು ಶಾಂತವಾಗಿದ್ದಾಳೆ! ಮುಂದಿನ ತಿಂಗಳು ಡಾಕ್ಟರುಗಳ ಮೀಟಿಂಗಲ್ಲಿ ಇವಳ ಕೇಸೇ ಹೇಳ್ತೀನಿ. ಒಂದು ಫೋಟೊ ಬೇಕಿತ್ತು."

ಸುಗುಣ ಗೋಡೆಗೆ ಒರಗಿದಳು. ಕಣ್ಣು ಅರ್ಧ ಮುಚ್ಚಿತ್ತು.

"ಶಾಂತ ಅಲ್ಲ ಸಾರ್, ನಿತ್ರಾಣ," ಎಂದಳು ರುದ್ರಮ್ಮ. "ಮೂರು ದಿನ ಮೇವು ಹಾಕ್ದಿದ್ರೆ ನಮ್ಮೂರಲ್ಲಿ ಹಾಯೋ ಹೋರೀನೂ ಹಿಂಗೇ ನಿಂತ್ಕಳ್ತಿತ್ತು. ಅದಕ್ಕೆ ಯಾರೂ ಲಂಡನ್ನಿಗೆ ಹೋಗ್ಬೇಕಾಗಿರ್ಲಿಲ್ಲ."

"ಓದಿಲ್ಲದವರಿಗೆ ಇದೆಲ್ಲ ಅರ್ಥ ಆಗಲ್ಲಮ್ಮ."

"ಹಸಿವು ಅರ್ಥ ಆಗ್ತೈತೆ ಸಾರ್."

ಅವಳು ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಳು. ಗಾಳಿಗೆ ಹಾರದಿರಲೆಂದು ಅವರ ಪೆನ್ನನ್ನೇ ಅದರ ಮೇಲಿಟ್ಟು, ಮಗಳನ್ನು ಕರೆದುಕೊಂಡು ಹೊರಬಿದ್ದಳು.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಸಾಂಬಾರಿನಲ್ಲಿ ಮುಳುಗಿಸಿದ ವಡೆ ತರಿಸಿದಳು. ಸುಗುಣ ಮುಟ್ಟಲಿಲ್ಲ. ತಾಯಿಯ ಮುಖವನ್ನೇ ನೋಡಿದಳು.

"ಇದ್ರಲ್ಲಿ ಹುಣಿಸೇಹಣ್ಣು ಐತಲ್ಲಮ್ಮ?"

"ಐತೆ. ತಿನ್ನು."

"ಬಾಯಿಂದ ತೆಗ್ಯಲ್ವಾ?"

ರುದ್ರಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಹುಡುಗಿ ಮೊದಲು ಒಂದು ಚೂರು ಮುರಿದಳು, ಆಮೇಲೆ ಎರಡೂ ಕೈ ಹಾಕಿದಳು. ಎರಡನೇ ಪ್ಲೇಟು ಮುಗಿಯುವ ಹೊತ್ತಿಗೆ ಕುರ್ಚಿಯ ಮೇಲೆ ಮಂಡಿಯೂರಿ, ಹಿಂದಿನ ಟೇಬಲ್ಲಿನವರ ದೋಸೆಯತ್ತ ಬಗ್ಗಿ ನೋಡುತ್ತಿದ್ದಳು. ಮೊಣಕೈ ತಾಗಿ ಲೋಟ ಉರುಳಿತು. ನೀರು ಮೇಜಿನುದ್ದಕ್ಕೂ ಹರಿದು ರುದ್ರಮ್ಮನ ಮಡಿಲಿಗೆ ತೊಟ್ಟಿಕ್ಕತೊಡಗಿತು.

ಅವಳು ಸೀರೆ ಒದ್ದೆಯಾಗುತ್ತಿದ್ದರೂ ಸರಿದು ಕೂರಲಿಲ್ಲ.