ಸಂದಿಲ್ಲದ ಕಿಟಕಿ

ಕೈಯಲ್ಲಿ ಏನೂ ಇಲ್ಲದಿದ್ದರೂ ಅವರು ಬಾಗಿಲನ್ನು ಓರೆಯಾಗಿಯೇ ದಾಟುತ್ತಿದ್ದರು. ಎಡಭುಜ ಮುಂದೆ, ಬಲಗೈ ತುಸು ಹಿಂದೆ, ಉದ್ದನೆಯ ಹಲಗೆಯೊಂದರ ತುದಿ ಚೌಕಟ್ಟಿಗೆ ತಗಲಿಬಿಟ್ಟೀತೆಂಬ ಎಚ್ಚರ ಮೈಯೆಲ್ಲ. ವರ್ಷಗಟ್ಟಲೆ ಹಲಗೆ ಹೊತ್ತ ದೇಹಕ್ಕೆ ಬರಿಗೈ ನಡಿಗೆ ಮರೆತೇಹೋಗಿತ್ತು. ಕಂಡವರು ಮುಸಿಮುಸಿ ನಗುತ್ತಿದ್ದರು. ಹೆಂಡತಿ ಮಾತ್ರ, ಜೊತೆಯಲ್ಲಿ ಹೋದಾಗಲೆಲ್ಲ, ಆ ಕಾಣದ ಹಲಗೆಗೆ ದಾರಿ ಬಿಟ್ಟು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳು.

ಬೀದಿಯವರು ಅವರಿಗಿಟ್ಟ ಹೆಸರು ‘ಕೂದಲೆಳೆ’. ಕುರ್ಚಿ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಮನೆಯ ಹಿಂಬದಿ ಕೋಣೆಯಲ್ಲಿ ಸ್ಟೂಲು, ಪೆಟ್ಟಿಗೆ, ತೊಟ್ಟಿಲು ಮಾಡುತ್ತ ಕೂತವರು, ಮರಕ್ಕೂ, ಚಹದ ಸಕ್ಕರೆಗೂ, ನೆಂಟರು ಆಡಿದ ಮಾತಿಗೂ ಒಂದೇ ಅಳತೆ ಹಿಡಿಯುತ್ತಿದ್ದರು: “ಕೂದಲೆಳೆ ಜಾಸ್ತಿ ಆಯ್ತು.” ಎರಡು ಹಲಗೆ ಕೂಡುವಲ್ಲಿ ಬೆಳಕು ತೂರಿದರೆ ಅಂದು ಅವರಿಗೆ ಊಟ ರುಚಿಸುತ್ತಿರಲಿಲ್ಲ. ಆ ಕೋಣೆಯ ಕಿಟಕಿಯನ್ನು ಅವರೇ ಮಾಡಿದ್ದು; ಮುಚ್ಚಿದರೆ ಕಾಗದದ ಚೂರೂ ತೂರದು. ಬಂದವರ ಕೈಗೆ ಕಾಗದ ಕೊಟ್ಟು “ತೂರ್ಸಿ ನೋಡೋಣ” ಎನ್ನುವುದೇ ಅವರ ಉಪಚಾರ. ಮೈಮೇಲೆ ಸದಾ ಒಂದು ಕಂದು ಕೋಟು. ಅದರ ಜೇಬು ಕೊಡವಿದರೆ ಒಂದು ಪುಟ್ಟ ಮರವೇ ಉದುರೀತು.

ಉದುರಿದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೆಂದು ಯಾರೂ ಯೋಚಿಸಿರಲಿಲ್ಲ. ಬೆಳಗಿನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ಹೆಂಡತಿಯ ರೂಢಿ. ಮೊದಮೊದಲು ಸಾಲಿನ ಕೊನೆಯಲ್ಲಿ ಬರುತ್ತಿದ್ದ ಕೆಮ್ಮು ಬರಬರುತ್ತ ಸಾಲಿನ ನಡುವೆಯೇ ಬರತೊಡಗಿತು. ಕಡೆಗೆ ಆಕೆ ಮನಸ್ಸಿನಲ್ಲೇ ಹೇಳಿಕೊಂಡು ಸುಮ್ಮನಾದಳು. ವೈದ್ಯರು ಎದೆಗೆ ಕೊಳವೆ ಇಟ್ಟು ಕೇಳಿದರು, ಗಂಡನ ಕೋಟಿನ ಕಡೆ ನೋಡಿದರು.

“ಒಂದೋ ಆ ಮರದ ಪುಡಿ ಮನೆ ಬಿಡ್ಬೇಕು ತಾಯಿ, ಇಲ್ಲ ನೀವು ಬಿಡ್ಬೇಕು. ಎರಡೂ ಒಟ್ಟಿಗೆ ಬಾಳಲ್ಲ.”

ಕೂದಲೆಳೆ ಮನೆಗೆ ಬಂದವರೇ ಹಿಂಬದಿ ಕೋಣೆಗೆ ಬೀಗ ಜಡಿದರು. ಮರುದಿನದಿಂದ ಅವರ ಕೈ ಮನೆಯ ಮೇಲೆ ಬಿತ್ತು. ಅಡುಗೆಮನೆಯ ಡಬ್ಬಗಳು ಎತ್ತರದ ಪ್ರಕಾರ ಸಾಲಾಗಿ ನಿಂತವು. ಉಪ್ಪು ಹುಡುಕಲು ಆಕೆ ಎಲ್ಲ ಮುಚ್ಚಳ ತೆಗೆಯಬೇಕಾಯಿತು. ಅದನ್ನೂ ತಾಳಿಕೊಂಡಳು. ಆದರೆ ಒಂದು ಸಂಜೆ ಯಾರೊಡನೆಯೋ ಅವರು “ಗರಗಸದ ಯಂತ್ರ, ಉಜ್ಜುಗೊರಡು, ಎಲ್ಲ ಒಟ್ಟಿಗೆ ಒಯ್ಯೋರಿದ್ರೆ ಹೇಳಿ” ಎನ್ನುವುದು ಕೇಳಿಸಿದಾಗ ಆಕೆ ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟು ಎದ್ದಳು. ಕೆಮ್ಮು ಹೋಗಿ ಗಂಡನೂ ಹೋದರೆ ಏನು ಬಂತು?

“ಪುಡೀನ ಹೊರಗೆ ಹಾಕಿ ಅಂದ್ರು ಡಾಕ್ಟ್ರು. ನಿಮ್ಮನ್ನ ತಂದು ಅಡುಗೆಮನೇಲಿ ಕೂಡಿಹಾಕು ಅಂದ್ರಾ? ನನ್ನ ಡಬ್ಬ ಮುಟ್ಬೇಡಿ. ಹೋಗಿ ಏನಾದ್ರೂ ದಾರಿ ನೋಡಿ.”

ದಾರಿ ನೋಡಿದರು. ಧೂಳು ಹೀರುವ ಯಂತ್ರವೊಂದು ಕೋಣೆಯಲ್ಲಿ ಮೊದಲೇ ಇತ್ತು. ಮರದ ಹೊಟ್ಟನ್ನು ಅದು ಸೆಳೆದು ಬಟ್ಟೆಯ ಚೀಲಕ್ಕೆ ತುಂಬುತ್ತಿತ್ತು, ನೆಲ ಕನ್ನಡಿಯಂತಿರುತ್ತಿತ್ತು. ಬಿಸಿಲುಕೋಲು ಬಿದ್ದ ಹೊತ್ತಿನಲ್ಲಿ ಅದರೆದುರು ಕೂತು ನೋಡಿದಾಗ ತಿಳಿಯಿತು: ಹಿಟ್ಟಿನಂಥ ನಯವಾದ ಪುಡಿಯೆಲ್ಲ ಚೀಲದ ನೂಲಿನ ನಡುವಿಂದ ಜರಡಿ ಹಿಡಿದಂತೆ ಮರಳಿ ಕೋಣೆಗೇ ಬರುತ್ತಿತ್ತು. ಚೀಲ ಕಿತ್ತೆಸೆದರು. ದಪ್ಪ ಹೊಟ್ಟು ಸುತ್ತಿ ಸುಳಿದು ಕೆಳಗಿಳಿಯುವಂತೆ ಒಂದು ಡ್ರಮ್ಮು ಕೂರಿಸಿದರು. ನಯವಾದ ಪುಡಿ ಗಾಳಿಯೊಡನೆ ಹೋಗಲೆಂದು ಗೋಡೆ ಕೊರೆದು ದಪ್ಪ ಕೊಳವೆ ಹಾಯಿಸಿ, ಹೊರಗೆ ಅದರ ಬಾಯನ್ನು ಹಿತ್ತಿಲ ಪೊದೆಗಳತ್ತ ಬಗ್ಗಿಸಿದರು. ಅಷ್ಟಕ್ಕೆ ನಿಲ್ಲುವ ಜೀವವೇ? ಸದ್ದು ನೆರೆಯವರಿಗೆ ಕೇಳಿಸಬಾರದೆಂದು ಪಕ್ಕದ ಮನೆಯ ದರ್ಜಿಯಮ್ಮನಿಂದ ಉಣ್ಣೆಬಟ್ಟೆಯ ಚೂರು ತಂದು ಹೊರಬಾಗಿಲಿನ ಸುತ್ತ ಮೆತ್ತಿದರು, ಹಂಚಿನ ಸಂದು ತುಂಬಿದರು. ಮನೆಯೊಳಕ್ಕೆ ತೆರೆಯುವ ಬಾಗಿಲಿನ ಅಡಿಗೆ ಬರುವಷ್ಟರಲ್ಲಿ ಚೂರು ಮುಗಿದಿತ್ತು.

“ಅಣ್ಣ, ಇನ್ನು ಇರುವೆ ಬಂದ್ರೂ ಬಾಗಿಲು ತಟ್ಟಿ ಬರ್ಬೇಕು ನೋಡಿ” ಎಂದಳು ದರ್ಜಿಯಮ್ಮ.

“ಬರ್ಲಿ, ಕಾಲು ಒರೆಸ್ಕೊಂಡು ಬರ್ಲಿ” ಎಂದರು ಕೂದಲೆಳೆ, ಮುಖವರಳಿಸಿ.

ಮರುದಿನ ಬೆಳಿಗ್ಗೆ ಯಂತ್ರ ಹಾಕಿದರು. ಬಚ್ಚಲಲ್ಲಿ ನೀರಿನ ಒಲೆ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ, ಒಲೆಯ ಹೊಗೆಕೊಳವೆ ಹತ್ತಿ ಮೇಲೆ ಹೋಗಬೇಕಾದ ಹೊಗೆ ತಿರುಗಿ ಮನೆಗೇ ನುಗ್ಗಿತು. ಆಕೆ ಕೆಮ್ಮಿ ಕೆಮ್ಮಿ ಹಜಾರದ ಗೋಡೆಗೊರಗಿ ಕುಸಿದಳು. ಅವರು ಓಡಿಬಂದು ಬಾಗಿಲುಗಳನ್ನೆಲ್ಲ ತೆರೆದರು, ನೀರು ಕುಡಿಸಿದರು, ಆಮೇಲೆ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟರು.

“ಆಯ್ತು ಬಿಡು. ನನ್ನ ಹಣೇಲಿ ಬರ್ದಿಲ್ಲ. ನಾಳೇನೇ ಒಯ್ಯೋಕೆ ಹೇಳ್ತೀನಿ.”

ಯಂತ್ರ ಹಾಕುವವರೆಗೂ ಹೊಗೆ ಮೇಲಕ್ಕೇ ಹೋಗುತ್ತಿದ್ದುದು ಆಕೆಗೆ ನೆನಪಾಯಿತು. ಒಲೆ ಆರಿ, ಕಿಟಕಿ ಬಾಗಿಲುಗಳು ಮತ್ತೆ ಮುಚ್ಚಿದ ಮೇಲೆ, “ಕೊನೇ ಸಲ ಅಂತ್ಲೇ ಇರ್ಲಿ, ಇನ್ನೊಮ್ಮೆ ಹಾಕಿ” ಎಂದು ಕಳಿಸಿ, ತಾನು ದೇವರ ಗೂಡಿನ ದೀಪ ಹಚ್ಚಿ ಅದರೆದುರು ಕೂತಳು. ಯಂತ್ರ ಗುಂಯ್ ಎಂದೊಡನೆ, ನೆಟ್ಟಗಿದ್ದ ಕುಡಿ ಹಿಂಬದಿ ಕೋಣೆಯತ್ತ ಬಾಗಿತು. ಕೈ ಮರೆ ಮಾಡಿದಳು, ಆಗಲೂ ಬಾಗಿತು.

“ಇಲ್ಲಿ ಬನ್ರೀ!”

ಬಂದರು, ಬಗ್ಗಿದರು, ದೀಪ ಬಗ್ಗಿದಷ್ಟೇ ಬಗ್ಗಿ ನೋಡಿದರು. “ಗಾಳಿ.”

“ಅಷ್ಟೊಂದು ಗಾಳೀನ ಆಚೆ ಉಗುಳ್ತಿದೆ ನಿಮ್ಮ ಯಂತ್ರ. ಅಷ್ಟೇ ಒಳಗೂ ಬರ್ಬೇಕಲ್ವಾ? ಎಲ್ಲ ಕಡೆ ನೀವು ಬಾಯಿ ಮುಚ್ಚಿದ್ದೀರಿ. ಪಾಪ, ಅದು ಉಸಿರಿಗೆ ನಿಮ್ಮ ಕೋಣೆ ಬಾಗಿಲಡಿ ತೂರಿ ಬಂದು ಒಲೆ ಕೊಳವೆಗೇ ಬಾಯಿ ಹಾಕಿ ಹೊಗೇನೂ ಎಳ್ಕೊಳ್ತು.”

ಅವರು ಯಂತ್ರ ನಿಲ್ಲಿಸಿ, ತಮ್ಮ ಕಿಟಕಿಯ ಮುಂದೆ ಹೋಗಿ ನಿಂತರು. ಕೆಳಗಿನ ಹಲಗೆಯನ್ನು ಬೆರಳಿಂದ ತಟ್ಟಿದರು, ಸವರಿದರು. ಪೆನ್ಸಿಲು ತೆಗೆದು ಸಂಕೋಚದಿಂದ ಕೇಳಿದರು:

“ಕೂದಲೆಳೆ ಸಾಕಾ?”

“ಸಾಲಲ್ಲ” ಎಂದಳು ಆಕೆ, ನಗು ತಡೆದು. “ಹೊರಗೆ ಹೋಗೋ ಕೊಳವೆಗಿಂತ ದೊಡ್ಡದೇ ಬೇಕು.”

ಗರಗಸದ ಸದ್ದು ಎಂದಿಗಿಂತ ನಿಧಾನವಾಗಿತ್ತು. ಸಂಜೆಗೆ ಆ ಕಿಟಕಿಯ ಕೆಳಭಾಗದಲ್ಲಿ ಮಳೆ ಬಾರದಂತೆ ಓರೆಯಾಗಿ ಜೋಡಿಸಿದ ಪಟ್ಟಿಗಳಿದ್ದವು. ಪಟ್ಟಿಗಳ ನಡುವಿನ ತೆರಪೂ, ಅವರ ಕೈಯಲ್ಲವೇ, ಒಂದರಂತೆ ಒಂದು. ಒಳಬಾಗಿಲಿನ ಅಡಿಗೆ ದರ್ಜಿಯಮ್ಮನ ಇನ್ನೊಂದು ಚೂರು ಬಂತು. ಒಲೆ ಹಚ್ಚಿ, ಯಂತ್ರ ಹಾಕಿ, ಇಬ್ಬರೂ ಅಂಗಳಕ್ಕೆ ಬಂದು ಕತ್ತೆತ್ತಿದರು. ಹೊಗೆ ಮೇಲಕ್ಕೇ ಹೋಯಿತು.

ಆ ಋತು ಕಳೆಯುವ ಹೊತ್ತಿಗೆ ಬೆಳಗಿನ ಪ್ರಾರ್ಥನೆ ಮತ್ತೆ ಬೀದಿಗೆ ಕೇಳಿಸತೊಡಗಿತು. ಅದು ಮುಗಿಯುವವರೆಗೆ ಹಿಂಬದಿ ಕೋಣೆಯಲ್ಲಿ ಯಂತ್ರದ ಗುಂಡಿ ಒತ್ತುತ್ತಿರಲಿಲ್ಲ. ಕಾಗದ ತೂರಿಸುವ ಉಪಚಾರ ನಿಂತುಹೋಯಿತು; ಕಿಟಕಿ ಯಾಕೆ ಹೀಗೆಂದು ಕೇಳಿದವರಿಗೆ “ಮನೆಯವರಿಗೆ ಬೇಕಿತ್ತು” ಎಂದಷ್ಟೇ ಉತ್ತರ.

ಇಂಥವರು ಎಲ್ಲ ಬೀದಿಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಪ್ರೀತಿಯೆಂದರೆ ಒಂದು ಬಿರುಕೂ ಉಳಿಯದಂತೆ ಬಿಗಿಯುವುದೆಂದೇ ನಂಬಿ, ತಮಗೆ ತಿಳಿಯದೆಯೇ ಜೊತೆಯಿದ್ದವರ ಉಸಿರು ಕಟ್ಟಿಸುತ್ತಾರೆ. ತಿಳಿದ ದಿನ ‘ತಪ್ಪಾಯಿತು’ ಎನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ. ತಾವು ಹೆಮ್ಮೆಪಟ್ಟು ಮಾಡಿದ್ದನ್ನೇ ಮುಂದಿಟ್ಟುಕೊಂಡು, ಗುರುತು ಹಾಕಿ, ನೇರವಾಗಿ ಕೊಯ್ಯುತ್ತಾರೆ.